ಮಷಿನ್ ಕೆಟ್ಟಿಲ್ಲ, ಆ ಕೌದಿಯನ್ನು ಯಾಕೆ ಒಪ್ಪಿಕೊಂಡಿರಿ?

ಈ ಸಲವೂ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಥರ. ಯಾರೋ ಹೊಲಿಯೋಕೆ ಕೊಟ್ಟರು, ನನಗೆ ಮನಸ್ಸಿರಲಿಲ್ಲ, ಆದರೂ ಕೂತೆ, ಮಷಿನ್ ಕೈಕೊಟ್ಟಿತು, ಈಗ ಹೊಸದು ತಗೊಳ್ಳಲಾ? ಇದನ್ನೇ ಎಷ್ಟು ಸಲ ಓದಲಿ ಹೇಳಿ. ಅದಕ್ಕೇ ಈ ಸಲ ಒಂದು ಪತ್ರಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಬಾಬಿನ್ (ಕೆಳಗಿನ ದಾರದ ಸಣ್ಣ ಉರುಳೆ) ಸುತ್ತುವುದು, ಬೆಲ್ಟ್ ಹಾಕುವುದು ಇಂಥದ್ದನ್ನೆಲ್ಲ ಹೇಳುವುದಿಲ್ಲ, ಮಷಿನ್ ಇಟ್ಟುಕೊಂಡವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ನಮ್ಮ ಅತ್ತೆಯವರ ತಂಗಿ ಒಂದು ಚೀಲ ಹಳೇ ಸೀರೆ ತಂದಿಟ್ಟು, ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಮಷಿನ್‌ನಲ್ಲೇ ಕೌದಿ ಹೊಲಿದುಕೊಡು ಅಂದಿದ್ದಾರೆ. ಬೇಡ ಅನ್ನೋಕೆ ಆಗಲಿಲ್ಲ. ನನ್ನದು ಅಮ್ಮನ ಕಾಲದ ಕರೀ ಮಷಿನ್, ಮೋಟಾರ್ ಹಾಕಿಸಿದ್ದೇನೆ. ಬಟ್ಟೆಯ ಕೆಳಗಡೆ ದಾರ ಗಂಟುಗಂಟಾಗುತ್ತದೆ, ಮಧ್ಯೆ ಮಧ್ಯೆ ಹೊಲಿಗೆ ಬಿಟ್ಟುಹೋಗುತ್ತದೆ, ಸೂಜಿಗಳೂ ಮುರಿದವು. ರಿಪೇರಿಯವರು ಶಟಲ್ (ಸೂಜಿಯ ಕೆಳಗೆ ದಾರ ಹಿಡಿಯುವ ಭಾಗ) ಹೋಗಿದೆ, ಟೈಮಿಂಗ್ (ಸೂಜಿ, ಶಟಲ್ ಒಂದಕ್ಕೊಂದು ಹೊಂದಿ ಓಡುವುದು) ಹೋಗಿದೆ, ಹೊಸ ಮಷಿನ್ ತಗೊಳ್ಳಿ ಅನ್ನುತ್ತಿದ್ದಾರೆ. ಏನು ಮಾಡಲಿ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಮೊದಲು ಸೂಜಿಯ ವಿಷಯ. ಮುರಿದ ಸೂಜಿಯ ಎಲ್ಲ ತುಂಡುಗಳೂ ಸಿಕ್ಕಿದವಾ? ನೀವು ಅದನ್ನು ಬರೆದಿಲ್ಲ, ನನಗೆ ಭಯ ಇರುವುದೇ ಅಲ್ಲಿ. ಅದು ಕೂಸಿನ ಹಾಸಿಗೆ. ನಾಲ್ಕು ಪದರದ ಒಳಗೆ ಸೂಜಿಯ ಮೊನೆ ಉಳಿದರೆ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ, ಸೂಜಿ ಮುರಿದರೆ ತುಂಡೆಲ್ಲ ಹುಡುಕಿ ರಿಜಿಸ್ಟರ್‌ಗೆ ಟೇಪ್ ಹಾಕಿ ಅಂಟಿಸಿದ ಮೇಲೆಯೇ ಹೊಸ ಸೂಜಿ ಕೈಗೆ ಬರುವುದು. ಫಾರಿನ್‌ಗೆ ಹೋಗುವ ಶರ್ಟಿಗೇ ಅಷ್ಟು ಎಚ್ಚರಿಕೆ ಇದೆ. ನೀವೂ ತುಂಡುಗಳನ್ನು ಕೂಡಿಸಿ ಪೂರ್ತಿ ಸೂಜಿ ಆಗುತ್ತದಾ ನೋಡಿ. ಆಗದಿದ್ದರೆ ಒಂದು ಗಟ್ಟಿ ಅಯಸ್ಕಾಂತವನ್ನು ಬಟ್ಟೆಯ ಮೇಲೆ, ಕೆಳಗೆ, ಶಟಲ್ ಇರುವ ಜಾಗದಲ್ಲಿ ನಿಧಾನಕ್ಕೆ ಆಡಿಸಿ. ಆಗಲೂ ಸಿಗದಿದ್ದರೆ ಹೊಲಿದಷ್ಟನ್ನೂ ಬಿಚ್ಚಿ. ಬೇಜಾರಾಗುತ್ತದೆ, ಗೊತ್ತು. ಬಿಚ್ಚಿ.

ಇನ್ನು ರಿಪೇರಿಯವರು ಹೇಳಿದ್ದು. ಕೆಳಗಡೆ ದಾರ ಗಂಟು ಬಿದ್ದ ಕೂಡಲೇ ಎಲ್ಲರೂ ಬಾಬಿನ್ ಕೇಸಿನ ಸಣ್ಣ ಸ್ಕ್ರೂ ತಿರುಗಿಸುತ್ತಾರೆ, ರಿಪೇರಿಯವರು ಶಟಲ್ ಮಾರುತ್ತಾರೆ. ತಪ್ಪು ಇರುವುದು ಸಾಮಾನ್ಯವಾಗಿ ಮೇಲಿನ ದಾರದಲ್ಲಿ. ನಂಬಿಕೆ ಬರದಿದ್ದರೆ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ ಹೊಲಿದು ನೋಡಿ. ಕೆಳಗಿನ ಗಂಟು ಕೆಂಪಗಿರುತ್ತದೆ. ಅಂದರೆ ಮೇಲಿನ ದಾರಕ್ಕೆ ಹಿಡಿತವೇ ಇಲ್ಲ, ಸುಮ್ನೆ ಸುರಿದುಕೊಂಡು ಕೆಳಗೆ ಇಳಿಯುತ್ತಿದೆ. ಯಾಕೆ? ಪ್ರೆಸರ್ ಫೂಟ್, ಅಂದರೆ ಬಟ್ಟೆ ಒತ್ತಿಹಿಡಿಯುವ ಪಾದ, ಅದನ್ನು ಕೆಳಗಿಟ್ಟುಕೊಂಡೇ ದಾರ ಪೋಣಿಸಿರುತ್ತೀರಿ. ಫೂಟ್ ಕೆಳಗಿದ್ದಾಗ ದಾರಕ್ಕೆ ಹಿಡಿತ ಕೊಡುವ ಟೆನ್ಷನ್ನಿನ ಎರಡು ಬಿಲ್ಲೆಗಳು ಒತ್ತಿಕೊಂಡಿರುತ್ತವೆ, ದಾರ ಅವುಗಳ ನಡುವೆ ಹೋಗದೆ ಮೇಲೆ ಮೇಲೆ ಕೂತುಬಿಡುತ್ತದೆ. ಫೂಟ್ ಎತ್ತಿದರೆ ಬಿಲ್ಲೆ ಸಡಿಲವಾಗುತ್ತವೆ. ಆದ್ದರಿಂದ ಫೂಟ್ ಎತ್ತಿ, ದಾರ ಪೂರ್ತಿ ತೆಗೆದು, ಮೊದಲಿಂದ ಪೋಣಿಸಿ. ಹೊಲಿಗೆ ಶುರುಮಾಡುವಾಗ ಎರಡೂ ದಾರದ ತುದಿಯನ್ನು ಹಿಂದಕ್ಕೆ ಎಳೆದು ಮೂರ್ನಾಲ್ಕು ಹೊಲಿಗೆ ಬೀಳುವವರೆಗೆ ಹಿಡಿದುಕೊಳ್ಳಿ. ಅರ್ಧ ರೋಗ ಇಷ್ಟಕ್ಕೇ ವಾಸಿ, ದುಡ್ಡು ಖರ್ಚಿಲ್ಲ.

ಹೊಲಿಗೆ ಬಿಟ್ಟುಹೋಗುವುದು ಬೇರೆ ಕಥೆ. ಸೂಜಿ ಪೂರ್ತಿ ಕೆಳಗೆ ಹೋಗಿ ಮೇಲೆ ಬರೋಕೆ ಶುರುಮಾಡಿದಾಗ ಕಣ್ಣಿನ ಹತ್ತಿರ ದಾರದ ಒಂದು ಸಣ್ಣ ಕುಣಿಕೆ ಆಗುತ್ತದೆ. ಶಟಲಿನ ಮೊನೆ ಆ ಕುಣಿಕೆಯನ್ನು ಹಿಡಿಯಬೇಕು. ಹಿಡಿದರೆ ಹೊಲಿಗೆ, ಹಿಡಿಯದಿದ್ದರೆ ಬಿಟ್ಟುಹೋಯಿತು. ದಪ್ಪ ಬಟ್ಟೆಯಲ್ಲಿ ಸೂಜಿ ಕೂದಲೆಳೆಯಷ್ಟು ಬಾಗಿದರೂ ಶಟಲ್ ಗುರಿ ತಪ್ಪುತ್ತದೆ. ಜಾಸ್ತಿ ಬಾಗಿದರೆ ಕಬ್ಬಿಣಕ್ಕೆ ತಾಗಿ ಮುರಿಯುತ್ತದೆ. ಈಗ ನಿಮ್ಮ ಕೌದಿಯ ಲೆಕ್ಕ ಹಾಕಿ. ಸೀರೆ ನಾಲ್ಕು ಪದರ, ಮೇಲೆ ತೇಪೆ, ತೇಪೆಯ ಅಂಚು ಒಳಕ್ಕೆ ಮಡಚಿದ್ದು, ಎರಡು ತೇಪೆ ಸೇರುವ ಕಡೆ ಇನ್ನೂ ಮಡಿಕೆ. ಮೂಲೆಯಲ್ಲಿ ಹತ್ತು ಪದರ ಆಗಿರುತ್ತದೆ. ಅಲ್ಲಿಗೆ ಮೋಟಾರ್ ಜೋರಾಗಿ ಓಡಿಸಿಕೊಂಡು ಬಂದಿರಿ. ಸೂಜಿ ಮುರಿಯದೆ ಇನ್ನೇನು?

ನೀವು ಯಾವ ನಂಬರ್ ಸೂಜಿ ಹಾಕಿದ್ದೀರಿ ಅಂತ ಬರೆದಿಲ್ಲ. ಬ್ಲೌಸ್ ಹೊಲಿದು ಬಿಟ್ಟ 14 ನಂಬರ್ ಇರಬೇಕು. ಇದಕ್ಕೆ 16 ಬೇಕು, ಜಾಸ್ತಿ ಪದರ ಇದ್ದರೆ 18. ಸೂಜಿಯನ್ನು ಮೇಲಕ್ಕೆ ತಾಗುವವರೆಗೆ ದೂಡಿ ಸ್ಕ್ರೂ ಬಿಗಿ ಮಾಡಿ, ಒಂದು ಕೂದಲು ಕೆಳಗಿದ್ದರೂ ಹೊಲಿಗೆ ಬಿಡುತ್ತದೆ. ಸೂಜಿಯ ಉದ್ದ ಗೀರು ಇರುವ ಕಡೆಯಿಂದ ದಾರ ಒಳಗೆ ಹೋಗಬೇಕು, ಚಪ್ಪಟೆ ಭಾಗ ಅದರ ಎದುರು ಬದಿಗೆ. ಗಾರ್ಮೆಂಟ್ಸ್ ಮಷಿನ್ನಿನ ಉರುಟು ಹಿಡಿಯ ಸೂಜಿಯನ್ನು ಅಂಗಡಿಯವರು ಕಣ್ಣುಮುಚ್ಚಿ ಕೊಟ್ಟುಬಿಡುತ್ತಾರೆ, ಅದು ಮನೆ ಮಷಿನ್ನಿನದಲ್ಲ. ಹೊಲಿಗೆಯ ಉದ್ದ ಜಾಸ್ತಿ ಮಾಡಿ, 4 ಮಿಲಿಮೀಟರ್ ಹತ್ತಿರ. ಮೂಲೆ ಬಂದಾಗ ಮೋಟಾರ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ. ಮತ್ತೆ ಅಜ್ಜಿ ಡಬ್ಬದ ದಾರ ಬಳಸಿದ್ದರೆ ಒಂದು ಗೇಣು ಎಳೆದು ಜಗ್ಗಿ, ಪಟ್ ಅಂತ ಕಿತ್ತರೆ ಎಸೆಯಿರಿ.

ಹಳೇ ಕಾಟನ್ ಸೀರೆ ಇನ್ನೊಂದು ಕೆಲಸ ಮಾಡುತ್ತದೆ. ನೂಲು ಸವೆದು ಹಿಟ್ಟಿನಂತೆ ಉದುರಿ ಶಟಲಿನ ಸುತ್ತ ಕೂರುತ್ತದೆ, ಎಣ್ಣೆ ಸೇರಿ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಪ್ಲಗ್ ಕಿತ್ತು (ಕಾಲು ಪೆಡಲ್ ಮೇಲಿಲ್ಲದಿದ್ದರೆ ಸಾಕು ಅನ್ನಬೇಡಿ, ಮಕ್ಕಳು ಓಡಾಡುವ ಮನೆ, ಪ್ಲಗ್ ಕೀಳಿ), ಶಟಲ್ ಹಿಡಿದಿರುವ ಎರಡು ಕೊಂಡಿ ತಿರುಗಿಸಿ ಅದನ್ನು ಹೊರಗೆ ತೆಗೆಯಿರಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಂದು ಹನಿ ಮಷಿನ್ ಎಣ್ಣೆ ಹಾಕಿ ಕೂರಿಸಿ. ಬಟ್ಟೆ ಮುಂದೂಡುವ ಹಲ್ಲುಗಳ ಸಂದಿಯನ್ನೂ ನೋಡಿ, ಅಲ್ಲಿ ಒತ್ತಿ ಕೂತ ಧೂಳು ಕಂಬಳಿಯಷ್ಟು ದಪ್ಪ ಇರುತ್ತದೆ. ಇಷ್ಟೆಲ್ಲ ಆದ ಮೇಲೂ ಎರಡು ಪದರ ಹತ್ತಿ ಬಟ್ಟೆಯಲ್ಲಿ ಹೊಲಿಗೆ ಬಿಟ್ಟರೆ ಆಗ ರಿಪೇರಿಯವರ ಮಾತು ಕೇಳೋಣ. ಬಿಡದಿದ್ದರೆ ಮಷಿನ್ ಚೆನ್ನಾಗಿದೆ. ಕರೀ ಮಷಿನ್ನಿನಲ್ಲಿ ಟೈಮಿಂಗ್ ತಾನಾಗಿ ಹೋಗುವುದು ಅಪರೂಪ. ಆ ಮಾತು ಹೇಳಿ ಗಟ್ಟಿಮುಟ್ಟಾದ ಹಳೇ ಮಷಿನ್ ಅಗ್ಗಕ್ಕೆ ಕೊಂಡುಹೋಗಿ ಬಣ್ಣ ಬಳಿದು ಮಾರುವವರಿದ್ದಾರೆ, ಎಚ್ಚರ.

ಈಗ ನೀವು ಕೇಳದ ಪ್ರಶ್ನೆ. ಬೇಡದ ಕೆಲಸಕ್ಕೆ ಕೂತಾಗ ಯಾರೂ ಸೂಜಿ ಬದಲಿಸುವುದಿಲ್ಲ, ಚೂರು ಬಟ್ಟೆಯಲ್ಲಿ ಹೊಲಿದು ನೋಡುವುದಿಲ್ಲ, ಬೇಗ ಮುಗಿದರೆ ಸಾಕು ಅಂತ ಪೆಡಲ್ ಒತ್ತುತ್ತಾರೆ. ಆಮೇಲೆ ಮಷಿನ್ ಕೆಟ್ಟಿತು ಅನ್ನುತ್ತಾರೆ. ಕೌದಿ ಮೂಲದಲ್ಲಿ ಕೈಕೆಲಸ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಕ್ಕೆ ಬರುತ್ತಾರೆ, ತೇಪೆ ಇಡುತ್ತ ಇಡುತ್ತ ಕೈಯಲ್ಲೇ ಹೊಲಿಯುತ್ತಾರೆ. ನಿಮ್ಮ ಕಡೆಯ ಅಜ್ಜಿಯರೂ ಕೈಯಲ್ಲೇ ಹಾಕಿದ್ದು, ಅಲ್ವಾ? ಮಷಿನ್ ಹೊಲಿಗೆ ಬಿಗಿ, ಕೌದಿ ರಟ್ಟಿನ ಥರ ಆಗುತ್ತದೆ, ಕೂಸಿಗೆ ಚುಚ್ಚುತ್ತದೆ.

ಹಾಗಾಗಿ ಚಿಕ್ಕತ್ತೆಗೆ ಸೀದಾ ಹೇಳಿ: "ಮಷಿನ್‌ಗೆ ಇಷ್ಟು ದಪ್ಪ ಆಗೋದಿಲ್ಲ ಅತ್ತೆ, ನಾನು ಅಂಚು ಹೊಲಿದುಕೊಡ್ತೀನಿ, ಒಳಗಿನದು ನೀವು ಕೈಯಲ್ಲಿ ಹಾಕಿ, ಮೊಮ್ಮಗನಿಗೆ ಅಜ್ಜಿ ಕೈಯದೇ ಇರಲಿ." ಸುಳ್ಳಲ್ಲ, ಜಗಳವೂ ಅಲ್ಲ. ತೊಟ್ಟಿಲಿನ ಅಳತೆಗೆ ಮಾತ್ರ ಮಾಡಿ, ಚೀಲದ ಸೀರೆಯೆಲ್ಲ ಮುಗಿಸಬೇಕಿಲ್ಲ. ಮೆತ್ತಗಿನ ಕಾಟನ್ ಮೂರು ಪದರ ಸಾಕು. ಪಾಲಿಸ್ಟರ್ ಸೀರೆ ಜಾರುತ್ತದೆ, ವಾಪಸ್ ಕೊಡಿ. ಜರಿ ಅಂಚು ಕತ್ತರಿಸಿ ತೆಗೆಯಿರಿ. ಹೊಲಿಯುವ ಮೊದಲು ಒಗೆದು ಇಸ್ತ್ರಿ ಮಾಡಿ, ಪದರಗಳನ್ನು ನಡುವಿನಿಂದ ಹೊರಕ್ಕೆ ಕೈಯಲ್ಲಿ ದೊಡ್ಡ ದೊಡ್ಡ ಟಾಕು ಹಾಕಿ ಹಿಡಿಸಿ, ಗುಂಡುಸೂಜಿ ಬೇಡವೇ ಬೇಡ. ಆಮೇಲೆ ಸುತ್ತ ಒಂದು ಮಷಿನ್ ಹೊಲಿಗೆ. ನಿಮ್ಮ ಪಾಲು ಅಲ್ಲಿಗೆ ಮುಗಿಯಿತು. ಅವರು ಒಪ್ಪದಿದ್ದರೆ ಚೀಲ ಹಾಗೇ ವಾಪಸ್.

ಉಳಿದವಕ್ಕೆ ಚಿಕ್ಕದಾಗಿ.

ಮಷಿನ್‌ಗೆ ಕೊಬ್ಬರಿ ಎಣ್ಣೆ ಹಾಕಬಹುದಾ? ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಉಳಿದ ದಿನ ಅಂಟಾಗುತ್ತದೆ. ಈಗಾಗಲೇ ಹಾಕಿದ್ದರೆ ಸೀಮೆಎಣ್ಣೆ ಬಿಟ್ಟು ತಿರುಗಿಸಿ ಒರೆಸಿ, ಆಮೇಲೆ ಮಷಿನ್ ಎಣ್ಣೆ. ದೀಪ, ಒಲೆ ಹತ್ತಿರ ಇರದಂತೆ ನೋಡಿಕೊಳ್ಳಿ.

ಮರಳು ಕಾಗದ ಹೊಲಿದರೆ ಸೂಜಿ ಚೂಪಾಗುತ್ತದಂತೆ? ಒಂದು ಚಹಾದ ದುಡ್ಡಿಗೆ ಹೊಸ ಸೂಜಿ ಬರುತ್ತದೆ. ಇಂಥ ವಿಡಿಯೋ ನೋಡುವುದು ಬಿಡಿ.

ಸೀರೆಗೆ ಫಾಲ್ ಹಾಕಿದರೆ ಒಗೆದ ಮೇಲೆ ಸುಕ್ಕಾಗುತ್ತದೆ. ಫಾಲನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿ ಹಾಕಿಲ್ಲ, ಅಷ್ಟೇ.

ಮಷಿನ್‌ಗೆ ದೃಷ್ಟಿ ತಗುಲಿದೆ, ಮಂತ್ರಿಸಿದ ಯಂತ್ರ ಕಟ್ಟಿಸಿ ಅನ್ನುತ್ತಾರೆ. ಅನ್ನುವವರು ನಿಮ್ಮ ಜೇಬಿನ ಮೇಲೆ ದೃಷ್ಟಿ ಇಟ್ಟಿದ್ದಾರೆ. ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿ, ಬೇಡ ಅನ್ನುವುದಿಲ್ಲ, ಆದರೆ ಎಣ್ಣೆ ಬಿಡುವ ತೂತುಗಳ ಮೇಲೆ ಹಚ್ಚಬೇಡಿ. ಪುಡಿ ಒಳಗೆ ಹೋಗಿ ಎಣ್ಣೆಯಲ್ಲಿ ಕಲಸಿ ಮಷಿನ್ ಭಾರವಾಗುತ್ತದೆ, ದೀಪಾವಳಿಗೆ ನನಗೆ ಪತ್ರ ಬರುತ್ತದೆ.

ಸ್ಟೇಪ್ಲರ್ ಥರದ ಕೈ ಮಷಿನ್ ಆನ್‌ಲೈನ್‌ನಲ್ಲಿ ಅಗ್ಗಕ್ಕಿದೆ, ತಗೊಳ್ಳಲಾ? ಅದು ಒಂದೇ ದಾರದ ಹೊಲಿಗೆ, ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಬೇಡ.