ಮಾಡ್ ಮಾಡಿದ ಕನ್ಸೋಲ್, ಒಂದೇ ಒಂದು ರಾತ್ರಿ ಆನ್‌ಲೈನ್

ಪ್ರಶ್ನೆ: ಸರ್, ನನ್ನ ಹತ್ರ ಇರೋದು ಮೊದಲ ಲಾಟಿನ ನಿಂಟೆಂಡೊ ಸ್ವಿಚ್. ಮಾಡ್ ಮಾಡಿ, ಅಂದ್ರೆ ಕಂಪನಿಯದ್ದಲ್ಲದ ಸಿಸ್ಟಮ್ ಸಾಫ್ಟ್‌ವೇರ್ (ಕಸ್ಟಮ್ ಫರ್ಮ್‌ವೇರ್) ಹಾಕಿ ಒಂದು ವರ್ಷ ಆಯ್ತು, ಎಸ್‌ಡಿ ಕಾರ್ಡಲ್ಲಿ ಸಿಸ್ಟಮಿನ ಬೇರೆ ಕಾಪಿ ಏನೂ ಮಾಡಿಲ್ಲ, ನೇರ ಒಳಗಿನ ಮೆಮೊರೀಲೇ ಓಡಿಸ್ತಿದೀನಿ. ಇಷ್ಟು ದಿನ ವೈಫೈ ಆಫ್. ಈಗ ಫ್ರೆಂಡ್ಸ್ ಎಲ್ಲಾ ರಾತ್ರಿ ಸೇರಿ ರೇಸ್ ಆಡ್ತಾರೆ, ನಂಗೂ ತುಂಬಾ ಆಸೆ ಆಗ್ತಿದೆ. ಒಂದೇ ರಾತ್ರಿ ಕನೆಕ್ಟ್ ಮಾಡಿ ಮತ್ತೆ ಆಫ್ ಮಾಡಿಟ್ರೆ ಗೊತ್ತಾಗುತ್ತಾ? ಬ್ಯಾನ್ ಆದ್ರೂ ರೀಸೆಟ್ ಹೊಡೆದ್ರೆ ಸರಿಹೋಗಲ್ವಾ?

ಉತ್ತರ: ದಯವಿಟ್ಟು ಕನೆಕ್ಟ್ ಮಾಡ್ಬೇಡಿ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಅಲ್ಲೇ. ಪ್ರತಿ ಸ್ವಿಚ್ ಒಳಗೂ ಫ್ಯಾಕ್ಟರೀಲೇ ಅದರದ್ದೇ ಒಂದು ಸರ್ಟಿಫಿಕೇಟ್ ಹಾಕಿರ್ತಾರೆ, ಬೆರಳಚ್ಚು ಇದ್ದಂಗೆ, ಒಂದಕ್ಕಿದ್ದಿದ್ದು ಇನ್ನೊಂದಕ್ಕಿಲ್ಲ. ಆನ್‌ಲೈನ್ ಹೋದಾಗ ಸರ್ವರ್ ಅದನ್ನ ನೋಡಿನೇ ಒಳಗೆ ಬಿಡೋದು. ಬ್ಯಾನ್ ಅಂದ್ರೆ ಆ ಬೆರಳಚ್ಚಿನ ಮುಂದೆ ಸರ್ವರ್ ಕಡೆ ಒಂದು ಗೆರೆ ಎಳೀತಾರೆ ಅಷ್ಟೇ, ನಿಮ್ಮ ಕನ್ಸೋಲಲ್ಲಿ ಏನೂ ಬದಲಾಗಿರಲ್ಲ, ಹಾಗಾಗಿ ನೀವು ರೀಸೆಟ್ ಹೊಡೀರಿ, ಹಳೇ ಬ್ಯಾಕಪ್ ವಾಪಸ್ ಹಾಕಿ, ಹೊಸ ಅಕೌಂಟ್ ಮಾಡಿ, ಅದೇ ಬೆರಳಚ್ಚು ಹೋಗಿ ಅದೇ ಬಾಗಿಲ ಮುಂದೆ ನಿಲ್ಲುತ್ತೆ. ಸಿಸ್ಟಮ್ ಅಪ್‌ಡೇಟ್ ಮಾತ್ರ ಆಮೇಲೂ ಬರ್ತಾ ಇರುತ್ತೆ. ಇಶಾಪ್ (ನಿಂಟೆಂಡೊದ ಆನ್‌ಲೈನ್ ಗೇಮ್ ಅಂಗಡಿ), ಆನ್‌ಲೈನ್ ಆಟ, ಕ್ಲೌಡ್ ಸೇವ್, ಮೂರೂ ಹೋಯ್ತು.

ಇನ್ನು ಒಂದೇ ರಾತ್ರಿ ವಿಷಯ. ವೈಫೈ ಆಫ್ ಇದ್ರೂ ಕನ್ಸೋಲ್ ಸುಮ್ನಿರಲ್ಲ, ಯಾವ ಗೇಮ್ ಓಡ್ತು, ಎಷ್ಟೊತ್ತು ಓಡ್ತು, ಎಲ್ಲಿ ಕ್ರ್ಯಾಶ್ ಆಯ್ತು ಅಂತ ಒಳಗೊಳಗೇ ಬರ್ಕೊಳ್ತಾ ಇರುತ್ತೆ, ನೆಟ್ ಸಿಕ್ಕಿದ ತಕ್ಷಣ ಕಳಿಸೋಕೆ ಶುರು ಮಾಡುತ್ತೆ. ಅಂದ್ರೆ ನೀವು ಮೊದಲ ರೇಸಿಗೆ ಕೂರೋ ಮುಂಚೆನೇ ಕೂಡಿಟ್ಟಿದ್ದೆಲ್ಲಾ ಹೊರಗೆ ಹೊರಟಿರಬಹುದು. ಆಮೇಲೆ ವೈಫೈ ಆಫ್ ಮಾಡಿ ಏನು ಪ್ರಯೋಜನ ಹೇಳಿ.

"ನನ್ನ ಫ್ರೆಂಡ್ ಒಂದು ತಿಂಗಳಿಂದ ಆಡ್ತಿದಾನೆ, ಏನೂ ಆಗಿಲ್ಲ" ಅಂತ ತುಂಬಾ ಜನ ಬರೀತಾರೆ. ಬ್ಯಾನ್ ಯಾವಾಗಲೂ ಅವತ್ತವತ್ತೇ ಬರಲ್ಲ, ಎಷ್ಟೋ ಸಲ ಒಟ್ಟು ಸೇರಿಸಿ ಒಂದೇ ಏಟಿಗೆ ಹಾಕ್ತಾರೆ. 2009ರ ನವೆಂಬರಲ್ಲಿ ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ 360ಗೆ ಹಂಗೇ ಆಗಿದ್ದು, ದೊಡ್ಡದೊಂದು ಗೇಮ್ ಬಿಡುಗಡೆ ಆಗೋ ಹೊತ್ತಿಗೆ ಸರಿಯಾಗಿ ಮಾಡ್ ಮಾಡಿದ ಕನ್ಸೋಲ್‌ಗಳು ರಾಶಿ ರಾಶಿ ಬ್ಯಾನ್ ಆದ್ವು, ಆನ್‌ಲೈನ್ ಒಂದೇ ಅಲ್ಲ, ಗೇಮನ್ನ ಹಾರ್ಡ್ ಡಿಸ್ಕಿಗೆ ಇನ್‌ಸ್ಟಾಲ್ ಮಾಡೋ ಸೌಲಭ್ಯನೂ ಕಿತ್ಕೊಂಡ್ರು. 2017ರ ಮೇನಲ್ಲಿ ನಿಂಟೆಂಡೊದ್ದೇ ಹಳೇ ಕೈ ಕನ್ಸೋಲ್ ತ್ರೀಡಿಎಸ್‌ಗೂ ಇಂಥದ್ದೇ ರಾಶಿ ಬ್ಯಾನ್.

ನಿಮ್ಮ ಮೊದಲ ಲಾಟಿನ ಸ್ವಿಚ್‌ನ ಬೂಟ್ ರೋಮ್ (ಆನ್ ಮಾಡಿದಾಗ ಮೊದಲು ಓಡೋ, ಚಿಪ್ಪಲ್ಲೇ ಬರೆದಿರೋ ಕೋಡ್) ದೋಷ 2018ರ ಏಪ್ರಿಲಲ್ಲಿ ಬಯಲಾಗಿದ್ದು, ಅದು ಚಿಪ್ಪಲ್ಲೇ ಇರೋದ್ರಿಂದ ಅಪ್‌ಡೇಟ್ ಕೊಟ್ಟು ಮುಚ್ಚೋಕಾಗಲ್ಲ. ನಿಜ. ಇದನ್ನೇ ನಂಬ್ಕೊಂಡು ತುಂಬಾ ಜನ ಧೈರ್ಯ ಮಾಡ್ತಾರೆ, ಆದ್ರೆ ನಿಂಟೆಂಡೊದವರು ಮುಚ್ಚೋದು ನಿಮ್ಮ ಕನ್ಸೋಲನ್ನಲ್ಲ, ತಮ್ಮ ಬಾಗಿಲನ್ನ. ಮಾಡ್ ಹಾಕೋ ಮುಂಚಿನ ಕ್ಲೀನ್ ಬ್ಯಾಕಪ್ ಇದ್ದು, ಮಾಡ್ ಓಡಿದ್ದೆಲ್ಲಾ ಎಸ್‌ಡಿ ಕಾರ್ಡಿನ ಕಾಪೀಲೇ ಆಗಿದ್ದು, ಅದಕ್ಕೆ ನೆಟ್ ಮುಟ್ಟಿಸದೇ ಇದ್ದಿದ್ರೆ ಲೆಕ್ಕ ಬೇರೆ ಇರ್ತಿತ್ತು, ಅದೂ ಗ್ಯಾರಂಟಿ ಅಲ್ಲ. ನಿಮ್ಮದು ಆ ಸ್ಥಿತೀಲಿಲ್ಲ. ಈ ಕನ್ಸೋಲ್ ಆಫ್‌ಲೈನಾಗೇ ಇರಲಿ, ಫ್ರೆಂಡ್ಸ್ ಜೊತೆ ಆಡೋಕೆ ಕೈ ಹಾಕದೇ ಇರೋ ಇನ್ನೊಂದು ತಗೊಳ್ಳೋವರೆಗೂ ಕಾಯಿರಿ. ಆನ್‌ಲೈನಲ್ಲಿ ಚೀಟ್ ಕೋಡ್ ಅಂತೂ ಮನಸ್ಸಲ್ಲೂ ತರಬೇಡಿ, ಆ ಕಡೆ ಕೂತಿರೋರು ಸಂಜೆಯೆಲ್ಲಾ ಕಾದು ಆಡೋಕೆ ಬಂದಿರ್ತಾರೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸ್ವಿಚ್ ತಗೋಬೇಕು ಅಂತಿದೀನಿ. ಬ್ಯಾನ್ ಆಗಿದ್ಯೋ ಇಲ್ವೋ ಹೆಂಗೆ ನೋಡೋದು?

ಉತ್ತರ: ದುಡ್ಡು ಕೊಡೋ ಮುಂಚೆ ನಿಮ್ಮ ಫೋನ್ ಹಾಟ್‌ಸ್ಪಾಟಿಗೆ ಕನೆಕ್ಟ್ ಮಾಡಿ, ಇಶಾಪ್ ತೆಗೀರಿ. 2124-4007 ಅಂತ ಬಂದ್ರೆ ಬ್ಯಾನ್ ಆಗಿರೋ ಕನ್ಸೋಲ್ ಅದು. ನಾನು ಇದನ್ನ ಮಾಡದೇ ನನ್ನ ತಂಗಿ ಮಗನಿಗೆ ಒಂದು ತಂದ್ಕೊಟ್ಟಿದ್ದೆ. ಅವನು ಮಂಚದ ಮೇಲೆ ಕೂತು ಕಿತ್ತಳೆ ಬಣ್ಣದ ಆ ಇಶಾಪ್ ಪರದೆ ನೋಡ್ತಾ ಇದ್ದ, ನಂಬರ್ ಬಂತು, "ಮಾಮಾ ಇದೇನಿದು" ಅಂದ, ನಾನು ನೆಟ್ ಸರಿ ಇಲ್ಲ ಅಂದ್ಕೊಂಡು ಮೂರು ಸಲ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಮಾರಿದವನು ಆಮೇಲೆ ಫೋನೇ ಎತ್ತಲಿಲ್ಲ. ಇವತ್ತಿಗೂ ಆ ಹುಡುಗ ಅದರಲ್ಲಿ ಒಬ್ಬನೇ ಆಡ್ತಾನೆ, ನೋಡಿದಾಗೆಲ್ಲಾ ಹೊಟ್ಟೆ ಉರಿಯುತ್ತೆ. ಬ್ಯಾನ್ ಆದ ಕನ್ಸೋಲನ್ನ ಹೇಳದೇ ಮಾರೋದು ಮೋಸ, ಅದಕ್ಕೆ ಬೇರೆ ಹೆಸರಿಲ್ಲ.

ಪ್ರಶ್ನೆ: ನಂದು ತ್ರೀಡಿಎಸ್. ಈಗಲೂ ಬ್ಯಾನ್ ಭಯ ಇದ್ಯಾ?

ಉತ್ತರ: ತ್ರೀಡಿಎಸ್ ಆನ್‌ಲೈನ್ ಆಟನ ನಿಂಟೆಂಡೊ 2024ರ ಏಪ್ರಿಲಲ್ಲೇ ನಿಲ್ಲಿಸಿದೆ, ಹಾಗಾಗಿ ಆ ಭಯ ಹೆಚ್ಚುಕಮ್ಮಿ ಹೋಯ್ತು. ಉಳಿದಿರೋದು ಯಾರೋ ಕಟ್ಟಿಕೊಟ್ಟ ರೆಡಿಮೇಡ್ ಮಾಡ್ ಪ್ಯಾಕ್‌ಗಳ ಭಯ. ಏನೇ ಹಾಕೋ ಮುಂಚೆ ಬ್ಯಾಕಪ್ ತೆಗೆದು ಕಂಪ್ಯೂಟರಲ್ಲಿ ಇಟ್ಕೊಳ್ಳಿ, ಎಸ್‌ಡಿ ಕಾರ್ಡಲ್ಲಿ ಮಾತ್ರ ಇಟ್ರೆ ಕಾರ್ಡ್ ಕೆಟ್ಟ ದಿನ ಅದೂ ಹೋಗುತ್ತೆ.