ಮೂರನೇ ವಾರಕ್ಕೆ ನಿಂತುಹೋಗುವ ವಾಕಿಂಗ್

ಓದುಗರ ಪತ್ರ: ನನಗೆ 42 ವರ್ಷ, ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಅತ್ತೆ ಇದ್ದಾರೆ. ಈಚೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) 6.1 ಬಂತು, ಅಂದರೆ ಮಧುಮೇಹದ ಗಡಿಯ ಹತ್ತಿರ. ಮಾತ್ರೆ ಈಗಲೇ ಬೇಡ, ದಿನಾ ವ್ಯಾಯಾಮ ಮಾಡಿ ಎಂದರು ಡಾಕ್ಟರು. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ವಾಕಿಂಗ್ ಎಂದು ಮೂರು ಸಲ ಶುರು ಮಾಡಿದೆ. ಒಮ್ಮೆ ಮಕ್ಕಳ ಪರೀಕ್ಷೆ ಬಂತು, ಒಮ್ಮೆ ಮಳೆ ಹಿಡಿಯಿತು, ಒಮ್ಮೆ ಬ್ಯಾಂಕಿನಲ್ಲಿ ಮಾರ್ಚ್ ತಿಂಗಳ ಒತ್ತಡ. ಮೂರನೇ ವಾರ ದಾಟಲೇ ಇಲ್ಲ. ತೂಕವೂ ಇಳಿಯಲಿಲ್ಲ. ಮಕ್ಕಳ ಶಾಲೆ ವ್ಯಾನ್ 8.10ಕ್ಕೆ, ನಾನು ಮನೆ ಬಿಡುವುದು 9.30ಕ್ಕೆ, ಮಲಗುವಾಗ ರಾತ್ರಿ ಹನ್ನೊಂದು. ನನಗೆ ಛಲವೇ ಇಲ್ಲವೇನೋ. ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ? — ಹೆಸರು ಬೇಡ, ಸಾಗರ

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಛಲದ ಕೊರತೆ ನಮಗೆಲ್ಲೂ ಕಾಣಲಿಲ್ಲ. ಕೈಬಿಟ್ಟದ್ದನ್ನು ಮತ್ತೆ ಮತ್ತೆ ಹಿಡಿದವರು ನೀವು. ಕೆಟ್ಟಿದ್ದು ನೀವು ಹಾಕಿಕೊಂಡ ಲೆಕ್ಕಾಚಾರ. ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದರೆ ಆರು ಗಂಟೆ ನಿದ್ದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ಮೊದಲ ವಾರ ಉತ್ಸಾಹದಲ್ಲಿ ನಡೆದುಹೋಗುತ್ತದೆ, ಎರಡನೇ ವಾರ ಮಧ್ಯಾಹ್ನ ತೂಕಡಿಕೆ ಶುರುವಾಗುತ್ತದೆ, ಮೂರನೇ ವಾರ ಒಂದು ಸಣ್ಣ ನೆಪ ಸಿಕ್ಕರೂ ಮೈ ಮೇಲೇಳುವುದಿಲ್ಲ. ಪರೀಕ್ಷೆ, ಮಳೆ, ಮಾರ್ಚ್ ಇವು ವರ್ಷವರ್ಷವೂ ಬರುವಂಥವು. ಎಲ್ಲ ಸುಸೂತ್ರವಾಗಿರುವ ದಿನಕ್ಕೆಂದು ಮಾಡಿಕೊಂಡ ಯೋಜನೆ ಅಂಥ ದಿನಗಳಲ್ಲಿ ಮಾತ್ರ ನಡೆಯುತ್ತದೆ. ಆದ್ದರಿಂದ ನಿಮ್ಮ ಅತ್ಯಂತ ಕೆಟ್ಟ ವಾರವನ್ನೇ ಮುಂದಿಟ್ಟುಕೊಂಡು ಮತ್ತೆ ಲೆಕ್ಕ ಹಾಕೋಣ.

ಮೊದಲು, ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಎಂಬ ಹಳೆಯ ನಿಬಂಧನೆಯನ್ನು ಆಗಲೇ ಕೈಬಿಟ್ಟರು. ಹಾಗಾಗಿ ಒಂದೇ ಸಲಕ್ಕೆ ಒಂದು ಗಂಟೆ ಬಿಡುವು ಸಿಗಬೇಕೆಂದು ಕಾಯಬೇಕಿಲ್ಲ.

ನಿಮ್ಮ ದಿನದಲ್ಲೇ ಒಂದು ಒಳ್ಳೆಯ ಜಾಗವಿದೆ. 8.10ಕ್ಕೆ ವ್ಯಾನ್ ಬರುವಾಗ ನೀವು ಹೇಗೂ ಗೇಟಿನ ಹೊರಗಿರುತ್ತೀರಿ. ಶೂ ಹಾಕಿಕೊಂಡೇ ಮಕ್ಕಳನ್ನು ಹತ್ತಿಸಿ, ಮನೆಯೊಳಗೆ ಬಾರದೆ ಅಲ್ಲಿಂದಲೇ ಹೊರಡಿ. ಹತ್ತು ನಿಮಿಷ ಮುಂದಕ್ಕೆ, ಹತ್ತು ನಿಮಿಷ ವಾಪಸ್. 8.30ಕ್ಕೆ ಮನೆ, ಆಮೇಲೆ ಸ್ನಾನ, ತಿಂಡಿ. ಬೆವರಿನ ತೊಂದರೆಯೂ ಇಲ್ಲ, ನಿದ್ದೆಗೂ ಕತ್ತರಿಯಿಲ್ಲ. ಒಳಗೆ ಹೋಗಬೇಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಒಳಗೆ ಕಾಲಿಟ್ಟರೆ ಸಿಂಕಿನಲ್ಲಿ ಪಾತ್ರೆ ಕಾಣುತ್ತದೆ, ಅಲ್ಲಿಗೆ ಆ ಇಪ್ಪತ್ತು ನಿಮಿಷ ಮುಗಿದಂತೆ. ಸೋಮವಾರದಿಂದ ಶುಕ್ರವಾರದವರೆಗೆ ಇದೇ 100 ನಿಮಿಷ.

ಉಳಿದ 50 ನಿಮಿಷವನ್ನು ರಾತ್ರಿ ಊಟವಾದ ಮೇಲೆ ಹತ್ತು ಹತ್ತು ನಿಮಿಷವಾಗಿ ಐದು ದಿನ ಹಂಚಿಕೊಳ್ಳಿ. ನಿಮ್ಮ ಸಕ್ಕರೆಯ ದೃಷ್ಟಿಯಿಂದ ಇದು ಬೆಳಗಿನ ನಡಿಗೆಯಷ್ಟೇ ಮುಖ್ಯ. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಗ್ಲೂಕೋಸನ್ನು ಇನ್ಸುಲಿನ್‌ನ ಹೆಚ್ಚಿನ ನೆರವಿಲ್ಲದೆಯೂ ಎಳೆದುಕೊಳ್ಳುತ್ತವೆ. ಅನ್ನ ಉಂಡು ಅರ್ಧ ಗಂಟೆಯ ಹೊತ್ತಿಗೆ ಸಕ್ಕರೆ ಏರುತ್ತಿರುತ್ತದೆ; ಆಗ ಟಿವಿ ಮುಂದೆ ಕೂತಿರುವುದಕ್ಕೂ ನಡೆಯುತ್ತಿರುವುದಕ್ಕೂ ವ್ಯತ್ಯಾಸ ದೊಡ್ಡದು. ಸಕ್ಕರೆಯ ಮಟ್ಟಿಗೆ ಈ ನಡಿಗೆ ಬಿರುಸಾಗಿರಬೇಕಿಲ್ಲ, ಆದರೆ 150ರ ಲೆಕ್ಕಕ್ಕೆ ಸೇರಬೇಕಿದ್ದರೆ ಆದಷ್ಟು ಬಿರುಸಾಗಿರಲಿ. ಬೀದಿ ಕತ್ತಲಿದ್ದರೆ, ನಾಯಿಗಳ ಕಾಟವಿದ್ದರೆ ಅಂಗಳದಲ್ಲಿ, ಜಗಲಿಯಲ್ಲಿ ಸುತ್ತಿದರೂ ಆದೀತು. ಅತ್ತೆಯವರಿಗೆ ಕಾಲು ಗಟ್ಟಿಯಿದ್ದರೆ ಅವರನ್ನೂ ಕರೆಯಿರಿ.

ಬೆಳಗಿನದಂತೂ ಬಿರುಸಾಗಿರಲೇಬೇಕು. ಅಳತೆ ಸುಲಭ: ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡು ಬಂದರೆ ನಿಧಾನವಾಯಿತು, ಮಾತೇ ತುಂಡಾದರೆ ಜೋರಾಯಿತು. ಇನ್ನೊಂದು ಅಳತೆ ಬೇಕಿದ್ದರೆ 15 ಸೆಕೆಂಡಿನಲ್ಲಿ ಹೆಜ್ಜೆ ಎಣಿಸಿ; 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅಂದರೆ ನಿಮಿಷಕ್ಕೆ 100 ದಾಟಿದರೆ, ಅದು ಮಧ್ಯಮ ಶ್ರಮ. ಹೆಜ್ಜೆ ಉದ್ದ ಮಾಡಿ ವೇಗ ಹೆಚ್ಚಿಸುವವರಿಗೆ ಮೊಳಕಾಲಿನ ಕೆಳಗೆ, ಮುಂಭಾಗದ ಮೂಳೆಯ ಬದಿಯಲ್ಲಿ ನೋವು ಬರುವುದುಂಟು. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಹವಾಯಿ ಚಪ್ಪಲಿಯಲ್ಲಿ ಬಿರುಸಾಗಿ ನಡೆಯಬೇಡಿ. ಅದು ಜಾರದಂತೆ ಕಾಲ್ಬೆರಳು ಬಿಗಿ ಹಿಡಿದೇ ಪಾದ ಸೋಲುತ್ತದೆ. ಶೂ ಕೊಳ್ಳುವುದಾದರೆ ಸಂಜೆ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು.

ಈಗ ಕಷ್ಟದ ಮಾತು. ನಿಮ್ಮ ಪತ್ರದಲ್ಲಿ ಮನೆಯ ಐವರ ಪ್ರಸ್ತಾಪವಿದೆ, ಸಮಯ ಹೊಂದಿಸುವ ಕೆಲಸ ಮಾತ್ರ ನಿಮ್ಮೊಬ್ಬರದೇ ಆಗಿದೆ. ಭಾರತದಲ್ಲಿ 2022ರಲ್ಲಿ ಹೆಂಗಸರಲ್ಲಿ ಸುಮಾರು 57 ಶೇಕಡಾ, ಗಂಡಸರಲ್ಲಿ ಸುಮಾರು 42 ಶೇಕಡಾ ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಎಂದು 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಹೆಂಗಸರು ಸೋಮಾರಿಗಳೆಂದು ಇದಕ್ಕೆ ಅರ್ಥ ಹಚ್ಚುವುದು ಅನ್ಯಾಯ. ಮನೆಗೆಲಸ ಮುಗಿದ ಮೇಲೆ ಉಳಿದ ಹೊತ್ತು ನನ್ನದು ಎಂದುಕೊಂಡವರಿಗೆ ಹೊತ್ತು ಉಳಿಯುವುದೇ ಇಲ್ಲ. ಆದ್ದರಿಂದ ಕೇಳಿ ಪಡೆಯಿರಿ, ಅದೂ ದಿನ, ಗಂಟೆ ಹೇಳಿ. "ಸ್ವಲ್ಪ ಸಹಾಯ ಮಾಡಿ" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಮರುದಿನ ಮರೆಯುತ್ತಾರೆ. "ಮಂಗಳವಾರ, ಶನಿವಾರ ಸಂಜೆ ಏಳರಿಂದ ಏಳೂವರೆ ನಾನು ಅಡುಗೆಮನೆಗೆ ಬರುವುದಿಲ್ಲ, ಕುಕ್ಕರ್ ಇಡುವುದು, ಮಕ್ಕಳ ಹೋಂವರ್ಕ್ ನೋಡುವುದು ನಿಮ್ಮದು" ಎಂದು ಯಜಮಾನರಿಗೆ ಸ್ಪಷ್ಟವಾಗಿ ಹೇಳಿ. ಅನ್ನ ಒಂದು ದಿನ ಮುದ್ದೆಯಾದರೆ ಆಗಲಿ, ಸರಿಪಡಿಸಲು ಎದ್ದು ಹೋಗಬೇಡಿ. ಎದ್ದು ಹೋದಿರೋ, ಆ ಅರ್ಧ ಗಂಟೆ ನಿಮಗೆ ಮತ್ತೆ ಸಿಗುವುದಿಲ್ಲ.

ಆ ಎರಡು ಸಂಜೆ ಬಲದ ವ್ಯಾಯಾಮಕ್ಕೆ. ನಡಿಗೆಯೊಂದೇ ಸಾಕೆಂದು ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಆದರೆ ವಯಸ್ಸಿನೊಂದಿಗೆ ಸ್ನಾಯು ಕರಗುತ್ತಾ ಹೋಗುತ್ತದೆ, ಊಟದ ಗ್ಲೂಕೋಸಿನ ದೊಡ್ಡ ಪಾಲು ಹೋಗಿ ಸೇರಬೇಕಾದದ್ದು ಆ ಸ್ನಾಯುವಿಗೇ. ಜಿಮ್ ಬೇಕಿಲ್ಲ. ನಮ್ಮ ಗರಡಿಮನೆಗಳ ಬಸ್ಕಿ, ದಂಡಗಳಿಗೆ ಬೇಕಿದ್ದದ್ದು ನೆಲ ಮಾತ್ರ, ಬೆಂಗಳೂರಿನ ಕೆ.ವಿ. ಅಯ್ಯರ್ ಅವರಂತೂ ದೇಹದಾರ್ಢ್ಯದ ಪಾಠಗಳನ್ನು ಅಂಚೆಯಲ್ಲಿ ಕಳಿಸಿ ಮನೆಯಲ್ಲೇ ಕಲಿಯುವಂತೆ ಮಾಡಿದ್ದರು.

ಬಸ್ಕಿಯಿಂದ ಶುರು ಮಾಡಿ. ಹಿಂದೆ ಒಂದು ಗಟ್ಟಿ ಕುರ್ಚಿ ಗೋಡೆಗೆ ಒತ್ತಿ ಇಟ್ಟುಕೊಳ್ಳಿ. ಪಾದಗಳು ಭುಜದಷ್ಟು ಅಗಲ. ಮೂರು ಎಣಿಸುತ್ತಾ ಇಳಿದು, ಕುರ್ಚಿಗೆ ಸೊಂಟ ತಾಕಿದ ಕೂಡಲೇ ಏಳಿ. ಮಂಡಿಗಳು ಒಳಕ್ಕೆ ಬಾಗುವುದು, ಹಿಮ್ಮಡಿ ಮೇಲೇಳುವುದು ಇವೆರಡೇ ಸಾಮಾನ್ಯ ತಪ್ಪು. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಎರಡನೆಯದು ದಂಡ, ಆದರೆ ನೆಲದ ಮೇಲೆ ಬೇಡ, ಅಡುಗೆ ಕಟ್ಟೆಗೆ ಕೈಯೂರಿ. ತಲೆಯಿಂದ ಹಿಮ್ಮಡಿಯವರೆಗೆ ಮೈ ಒಂದೇ ಗೆರೆಯಲ್ಲಿರಬೇಕು. ಸೊಂಟ ಜೋತುಬಿದ್ದರೆ ಬೆನ್ನು ನೋಯುತ್ತದೆ. ಕಟ್ಟೆಯೂ ಕಷ್ಟವಾದರೆ ಗೋಡೆ. ಮೂರನೆಯದಕ್ಕೆ ಮಕ್ಕಳ ಸ್ಕೂಲ್ ಬ್ಯಾಗಿನಲ್ಲಿ ಐದು ಕಿಲೋ ಅಕ್ಕಿಯ ಚೀಲ ಇಟ್ಟು, ಒಂದು ಕೈಯನ್ನು ಮಂಚದ ಮೇಲೂರಿ ಬಾಗಿ, ಇನ್ನೊಂದು ಕೈಯಿಂದ ಬ್ಯಾಗನ್ನು ಸೊಂಟದತ್ತ ಎಳೆಯಿರಿ. ದಿನವಿಡೀ ಕೌಂಟರಿನಲ್ಲಿ ಮುಂದಕ್ಕೆ ಬಾಗಿ ಕೂರುವ ಬೆನ್ನಿಗೆ ಬೇಕಾದದ್ದು ಇದೇ. ನಾಲ್ಕನೆಯದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿ ಇಳಿಸುವುದು. ಪ್ರತಿಯೊಂದೂ 8ರಿಂದ 12 ಸಲ, ನಡುವೆ ಒಂದು ನಿಮಿಷ ಬಿಡುವು ಕೊಟ್ಟು ಎರಡು ಸುತ್ತು. ಇನ್ನು ಎರಡು ಮೂರು ಸಲ ಮಾಡಬಹುದು ಎನ್ನುವಾಗಲೇ ನಿಲ್ಲಿಸಿ. ಉಸಿರು ಬಿಗಿಹಿಡಿಯಬೇಡಿ, ಬಿಪಿ ಏರುತ್ತದೆ. ಎತ್ತುವಾಗ ಉಸಿರು ಹೊರಕ್ಕೆ, ಇಳಿಸುವಾಗ ಒಳಕ್ಕೆ. ಎರಡೂ ಸುತ್ತಿನಲ್ಲಿ 12 ಸಲೀಸಾಗಿ ಆಗತೊಡಗಿದ ಮೇಲೆ ಮಾತ್ರ ಕಷ್ಟ ಹೆಚ್ಚಿಸಿ: ಕುರ್ಚಿ ತೆಗೆಯಿರಿ, ಬ್ಯಾಗಿಗೆ ಇನ್ನೊಂದು ಕಿಲೋ ಹಾಕಿ. ಮೊದಲ ವಾರ ಒಂದೇ ಸುತ್ತು ಸಾಕು. ಮೊದಲ ದಿನವೇ ಐವತ್ತು ಬಸ್ಕಿ ಹೊಡೆದು, ಮೂರು ದಿನ ಮೆಟ್ಟಿಲಿಳಿಯಲಾರದೆ ಬಿಟ್ಟವರು ಎಷ್ಟೋ ಜನ. ಮರುದಿನ ಮಾಂಸಖಂಡ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನೊಳಗೆ ಚುಚ್ಚಿದಂತಾದರೆ ಆ ವ್ಯಾಯಾಮ ನಿಲ್ಲಿಸಿ.

ಸಾಗರದ ಮಳೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ನಾಲ್ಕು ತಿಂಗಳು ನಡಿಗೆ ನಿಂತರೆ ಅದು ಅಭ್ಯಾಸವಾಗುವುದಾದರೂ ಹೇಗೆ? ಹಾಗಾಗಿ ಮಳೆಯ ದಿನದ ವ್ಯಾಯಾಮವನ್ನು ಇಂದೇ ಗೊತ್ತುಮಾಡಿಕೊಳ್ಳಿ: "ವ್ಯಾನ್ ಹೋದಾಗ ಮಳೆಯಿದ್ದರೆ ಮೆಟ್ಟಿಲು." ಹೀಗೆ ಎಲ್ಲಿ, ಯಾವಾಗ, ಏನು ಎಂದು ಮೊದಲೇ ನಿಗದಿ ಮಾಡಿಕೊಂಡವರು ಬರೀ "ಮಾಡುತ್ತೇನೆ" ಎಂದುಕೊಂಡವರಿಗಿಂತ ಹೆಚ್ಚಾಗಿ ಮಾಡುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಮತ್ತಿತರರ ಅಧ್ಯಯನಗಳು ತೋರಿಸಿವೆ. ಆರೇಳು ಅಂಗುಲ ಎತ್ತರದ ಒಂದೇ ಮೆಟ್ಟಿಲು ಸಾಕು. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ನಿಮಿಷಕ್ಕೆ ಇಪ್ಪತ್ತು ಸಲ, ಪ್ರತಿ ನಿಮಿಷಕ್ಕೊಮ್ಮೆ ಮೊದಲಿಡುವ ಕಾಲು ಬದಲಿಸಿ. ಐದು ನಿಮಿಷಕ್ಕೊಮ್ಮೆ ಸ್ವಲ್ಪ ಸುಧಾರಿಸಿಕೊಂಡು ಮೂರು ಸಲ. ಪೂರ್ತಿ ಪಾದ ಮೆಟ್ಟಿಲ ಮೇಲಿರಲಿ. ಅಂಗಳದ ಮೆಟ್ಟಿಲು ಬೇಡ, ಪಾಚಿ ಕಟ್ಟಿರುತ್ತದೆ, ಮನೆಯೊಳಗಿನದೇ ಇರಲಿ. ಮಂಡಿಗೆ ಮೆಟ್ಟಿಲು ಒಗ್ಗದಿದ್ದರೆ ಸೂರ್ಯನಮಸ್ಕಾರ ಮಾಡಿ. ನಾಲ್ಕರಿಂದ ಶುರು ಮಾಡಿ ವಾರಕ್ಕೆ ಎರಡರಂತೆ ಏರಿಸಿ. ಎದೆ ಇಳಿಸುವ ಹಂತದಲ್ಲಿ ಮಂಡಿ ನೆಲಕ್ಕೂರಿದರೆ ಮಣಿಕಟ್ಟಿಗೂ ಸೊಂಟಕ್ಕೂ ಭಾರ ಕಡಿಮೆ. ಶೂ ನೆಂದರೆ ಒಳಗೆ ದಿನಪತ್ರಿಕೆ ತುರುಕಿಡಿ, ಅದು ತೇವ ಹೀರುತ್ತದೆ.

ಮಾರ್ಚ್ ತಿಂಗಳ ದಿನಗಳಿಗೆ ಇನ್ನೂ ಚಿಕ್ಕದೊಂದು ಇರಲಿ: ಹತ್ತು ಬಸ್ಕಿ, ಕಟ್ಟೆಯ ಮೇಲೆ ಹತ್ತು ದಂಡ, ಮೂರು ನಿಮಿಷದೊಳಗೆ ಮುಗಿಯಬೇಕು. ಅಷ್ಟರಿಂದ ಶಕ್ತಿ ಬೆಳೆಯುವುದಿಲ್ಲ, ಆದರೆ ಅಭ್ಯಾಸದ ಎಳೆ ತುಂಡಾಗುವುದಿಲ್ಲ.

ಹುಮ್ಮಸ್ಸಿನ ಬಗ್ಗೆ ಕೇಳಿದಿರಿ. ಅದು ಬರುತ್ತದೆ, ಹೋಗುತ್ತದೆ. ಅದನ್ನೇ ನಂಬಿ ಕೂರಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಬೇಕಾದ ಮಧ್ಯಮ ಅವಧಿ 66 ದಿನ. ಕೆಲವರಿಗೆ 18 ದಿನವೇ ಸಾಕು, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು. ನೀವು ಬಿಟ್ಟದ್ದು ಮೂರನೇ ವಾರ, ಅಂದರೆ ಇನ್ನೂ ಬಲವಂತವಾಗಿಯೇ ಮಾಡಬೇಕಾದ ಹೊತ್ತಿನಲ್ಲಿ. ಆಗ ಕಷ್ಟವೆನಿಸುವುದು ಸಹಜ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ ಎಂಬುದನ್ನೂ ಅದೇ ಅಧ್ಯಯನ ಕಂಡಿತು. ತಪ್ಪಿದ್ದನ್ನು ಮರುದಿನ ಎರಡರಷ್ಟು ಮಾಡಿ ತುಂಬಿಸಲು ಹೋಗಬೇಡಿ. ಮೈಕೈ ನೋವಿನಿಂದ ಇನ್ನೆರಡು ದಿನ ತಪ್ಪುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಾಡಿದ ದಿನಕ್ಕೊಂದು ಗುರುತು ಹಾಕಿ, ಮೂರು ನಿಮಿಷದ್ದಾದರೂ ಸರಿ. ಎರಡು ದಿನ ಒಟ್ಟಿಗೆ ಖಾಲಿ ಬಿಡದಿರುವುದೊಂದೇ ನಿಯಮ. ಜೊತೆಗೆ ನಡೆಯಲು ಪಕ್ಕದ ಮನೆಯವರು ಬಂದರೆ ಒಳ್ಳೆಯದೇ, ಆದರೆ ಅವರು ಬಾರದ ದಿನವೂ ನೀವು ಹೊರಡಬೇಕು.

ತೂಕದ ಯಂತ್ರವನ್ನು ಸದ್ಯಕ್ಕೆ ಮಂಚದ ಕೆಳಗೆ ಸರಿಸಿ. 60 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 130 ಕ್ಯಾಲೊರಿ. ಒಂದು ಮಸಾಲೆ ದೋಸೆಗೆ ಅದು ಸಾಟಿಯಲ್ಲ. ಮೂರು ವಾರದಲ್ಲಿ ಮುಳ್ಳು ಅಲುಗದಿದ್ದರೆ ಅಚ್ಚರಿಯಿಲ್ಲ. ಆದರೆ ಲಾಭ ಆಗುತ್ತಿಲ್ಲ ಎಂದಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಸಕ್ಕರೆ ಗಡಿಯಲ್ಲಿದ್ದ 531 ಜನರಿದ್ದರು. ದಿನಾ ಅರ್ಧ ಗಂಟೆ ಬಿರುಸು ನಡಿಗೆ, ಊಟದಲ್ಲಿ ಹಿತಮಿತ ಎಂಬ ಸಲಹೆ ಪಡೆದ ಗುಂಪಿನಲ್ಲಿ ಮಧುಮೇಹಕ್ಕೆ ಜಾರುವ ಅಪಾಯ ಶೇಕಡಾ 28.5ರಷ್ಟು ಇಳಿಯಿತು, ಅದೂ ಅವರ ತೂಕ ಹೇಳಿಕೊಳ್ಳುವಂತೆ ಇಳಿಯದೆಯೇ. 6.1 ಇರುವ ನಿಮಗೆ ಇದಕ್ಕಿಂತ ಭರವಸೆಯ ಸುದ್ದಿ ಬೇರೆ ಬೇಕೆ? ಅಳೆಯುವುದಾದರೆ ತಿಂಗಳಿಗೊಮ್ಮೆ ಹೊಟ್ಟೆಯ ಸುತ್ತಳತೆ ನೋಡಿ (ನಮ್ಮ ಹೆಂಗಸರಿಗೆ 80 ಸೆಂಟಿಮೀಟರಿನೊಳಗಿರಬೇಕು), ಹತ್ತು ನಿಮಿಷದಲ್ಲಿ ಯಾವ ಮನೆಯವರೆಗೆ ತಲುಪುತ್ತೀರಿ ನೋಡಿ. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯಾದ್ದರಿಂದ ಅದಕ್ಕೆ ಮೊದಲು ಮಾಡಿಸಿ ಪ್ರಯೋಜನವಿಲ್ಲ.

ನಡೆಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ದವಡೆಗೆ ಅಥವಾ ಎಡಗೈಗೆ ನೋವು ಹರಿದರೆ ಅಲ್ಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ಉತ್ತರ ಓದುವ ಇತರರಲ್ಲಿ ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ, ಸಕ್ಕರೆ ಇದ್ದಕ್ಕಿದ್ದಂತೆ ಇಳಿಯಬಹುದು. ಜ್ವರವಿದ್ದ ದಿನ ವ್ಯಾಯಾಮ ಬೇಡ. ಜ್ವರ ಬಿಟ್ಟು ಊಟ, ನಿದ್ದೆ ಸರಿಯಾದ ಮೇಲೆ ಮೊದಲ ವಾರ ಅರ್ಧದಷ್ಟು ಮಾಡಿ: ಇಪ್ಪತ್ತರ ಬದಲು ಹತ್ತು ನಿಮಿಷ, ಎರಡು ಸುತ್ತಿನ ಬದಲು ಒಂದು. ಎರಡನೇ ವಾರ ಮೊದಲಿನ ಅಳತೆಗೆ ಬನ್ನಿ.