ಬಿಳಿ ಹೂವಿನ ಕಳ್ಳಿಗೂ ಕೆಂಪು ಹೂವಿನ ಕಳ್ಳಿಗೂ ಕ್ರಾಸ್ ಮಾಡಿಸಬಹುದಾ?

ನೀವು ಕೇಳಿದ್ದು ಇಷ್ಟು: ಒಂದು ಗುಂಡು ಕಳ್ಳಿ ರಾತ್ರಿ ಹೊತ್ತು ಉದ್ದ ಕೊಳವೆಯ ಬಿಳಿ ಹೂ ಬಿಡುತ್ತದೆ, ಇನ್ನೊಂದು ಹಗಲಲ್ಲಿ ಗಿಡ್ಡ ಕೆಂಪು ಹೂ ಬಿಡುತ್ತದೆ. ಎರಡನ್ನೂ ಸೇರಿಸಿ ಹೊಸ ಬಣ್ಣ ತರಬಹುದಾ, ಎಷ್ಟು ವರ್ಷ ಬೇಕು, ತಾಯಿ ಯಾವುದಾಗಬೇಕು?

ತರಬಹುದು. ಬೀಜದಿಂದ ಹೂವಿನ ತನಕ ಮೂರರಿಂದ ಐದು ವರ್ಷ ಅಂತ ಇಟ್ಟುಕೊಳ್ಳಿ. ಆದರೆ ಮೊದಲು ನನ್ನ ಎಡವಟ್ಟಿನ ಕಥೆ ಕೇಳಿ, ನಿಮಗಾದರೂ ಅಷ್ಟು ವರ್ಷ ಉಳಿಯಲಿ.

ನನ್ನ ಹತ್ತಿರವೂ ಇದೇ ಜೋಡಿ ಇತ್ತು. ಬಿಳಿಯದು ಎಕಿನಾಪ್ಸಿಸ್, ಕೆಂಪಿನದು ಲೋಬಿವಿಯಾ. ಒಂದು ದಿನ ಬೆಳಿಗ್ಗೆ ನೋಡಿದರೆ ಬಿಳಿ ಹೂ ಇನ್ನೂ ಬಾಡಿಲ್ಲ, ಕೆಂಪು ಆಗ ತಾನೇ ಬಿಚ್ಚುತ್ತಿದೆ. ಖುಷಿಯಲ್ಲಿ ಬಣ್ಣದ ಬ್ರಷ್ ತಂದು ಕೆಂಪಿನ ಪರಾಗ ಬಿಳಿಗೆ ಬಳಿದೆ. ಕಾಯಿ ಕಟ್ಟಿತು, ಬೀಜ ಮೊಳೆಯಿತು, ಮೂವತ್ತು ಚಿಲ್ಲರೆ ಸಸಿ ಉಳಿದವು. ನಾಲ್ಕನೇ ವರ್ಷ ಮೊದಲ ಮೊಗ್ಗು ಅರಳಿತು. ಬಿಳಿ. ಪಕ್ಕದ್ದೂ ಬಿಳಿ. ಆ ವರ್ಷ, ಮರುವರ್ಷ ಬಿಟ್ಟದ್ದೆಲ್ಲ ಬಿಳಿಯೇ. ನಾನು ಬ್ರಷ್ ಹಿಡಿಯುವ ಮೊದಲೇ, ರಾತ್ರಿಯೇ ಪತಂಗ ಬಂದು ಕೆಲಸ ಮುಗಿಸಿ ಹೋಗಿತ್ತು. ಎರಡು ಕುಂಡ ಆಚೆ ಬೇರೊಂದು ಬಿಳಿ ಎಕಿನಾಪ್ಸಿಸ್ ಇತ್ತು, ಅದೂ ಅದೇ ರಾತ್ರಿ ಅರಳಿತ್ತು!

ಯೋಚಿಸಿದರೆ ತಪ್ಪು ನನ್ನದೇ. ಬಿಳಿ ಬಣ್ಣ, ಪರಿಮಳ, ಗೇಣುದ್ದದ ಕೊಳವೆ, ಎಲ್ಲ ಇರುವುದೇ ಕತ್ತಲಲ್ಲಿ ಹಾರುವ ಉದ್ದ ನಾಲಿಗೆಯ ಪತಂಗವನ್ನು ಕರೆಯುವುದಕ್ಕೆ. ಈಗ ನಾನು ಸಂಜೆಗೆ ಮುಂಚೆಯೇ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟುತ್ತೇನೆ. ಯಾವ ಸಂಜೆ ಅಂತ ಗೊತ್ತಾಗುವುದು ಕಷ್ಟವಲ್ಲ. ಕೊನೆಯ ಒಂದೆರಡು ದಿನ ಕೊಳವೆ ನೋಡನೋಡುತ್ತಲೇ ಉದ್ದವಾಗುತ್ತದೆ, ಮೊಗ್ಗಿನ ತುದಿ ಉಬ್ಬಿ ಬಿಳಿ ಇಣುಕುತ್ತದೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಈ ಗುಂಪಿನ ಹೆಚ್ಚಿನ ಗಿಡಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಒಂದೇ ಗಿಡದ ಮರಿಗಳನ್ನು ಹತ್ತು ಕುಂಡದಲ್ಲಿ ನೆಟ್ಟಿದ್ದರೂ ಲೆಕ್ಕಕ್ಕೆ ಅದು ಒಂದೇ ಗಿಡ. ಹಾಗಾಗಿ ಹೂವಿನ ಕೇಸರವನ್ನೆಲ್ಲ ಕಿತ್ತು ಹಾಕುವ ಗೋಜಿಗೆ ನಾನು ಹೋಗುವುದಿಲ್ಲ. ಒಂದು ಹೂವಿನಲ್ಲಿ ನೂರಾರು ಇರುತ್ತವೆ, ಯಾರಿಗೆ ಬೇಕು! ಅಪವಾದಗಳೂ ಇವೆ. ನಿಮ್ಮ ಗಿಡ ಹೇಗೆ ಅಂತ ತಿಳಿಯಬೇಕಾದರೆ ಒಂದು ಹೂವಿಗೆ ಚೀಲ ಕಟ್ಟಿ, ಅದರದೇ ಪರಾಗ ಸವರಿ ನೋಡಿ.

ಒಂದು ರಾತ್ರಿ, ಇನ್ನೊಂದು ಹಗಲು ಅರಳಿದರೆ ಸೇರಿಸುವುದು ಹೇಗೆ? ಪರಾಗವನ್ನು ತೆಗೆದಿಡಬಹುದು. ಕೆಂಪು ಹೂ ಪೂರ್ತಿ ಬಿಚ್ಚಿದ ಮೇಲೆ ಚಿಮುಟದಿಂದ ಕೇಸರದ ತುದಿಗಳನ್ನು ಕಿತ್ತು ಕಾಗದದ ಮೇಲೆ ಕೆಲವು ಗಂಟೆ ನೆರಳಲ್ಲಿ ಒಣಗಿಸಿ. ಅದೇ ಕಾಗದವನ್ನು ಪೊಟ್ಟಣ ಕಟ್ಟಿ, ಸಿಲಿಕಾ ಜೆಲ್ ಹಾಕಿದ ಪುಟ್ಟ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ತೇವ ತಾಗದಿದ್ದರೆ ಕೆಲವು ವಾರ ಕೆಡುವುದಿಲ್ಲ.

ಇನ್ನು ಆ ಸಂಜೆ. ಕತ್ತಲಾಗುತ್ತಿದ್ದ ಹಾಗೆ ಹೊರಗಿನ ದಳಗಳು ಒಂದೊಂದೇ ಹಿಂದಕ್ಕೆ ಬಾಗುತ್ತವೆ. ನಡುವೆ ನಸುಹಸಿರಿನ ಒಂದು ಕಂಬ, ಅದರ ತುದಿಯಲ್ಲಿ ನಕ್ಷತ್ರದ ಹಾಗೆ ಹತ್ತು ಹನ್ನೆರಡು ಬೆರಳು. ಅದೇ ಶಲಾಕಾಗ್ರ. ಮೊದಲು ಬೆರಳುಗಳು ಮುಚ್ಚಿಕೊಂಡಿರುತ್ತವೆ, ಆಗ ಬಳಿದು ಪ್ರಯೋಜನವಿಲ್ಲ. ಅಗಲವಾಗಿ ಬಿಚ್ಚಿ ಸ್ವಲ್ಪ ಅಂಟಂಟಾದಾಗ ಬ್ರಷ್ ತಾಗಿಸಿದರೆ ಹಳದಿ ಪುಡಿ ತಾನಾಗಿ ಹಿಡಿದುಕೊಳ್ಳುತ್ತದೆ. ಬಳಿದು ಮತ್ತೆ ಚೀಲ ಕಟ್ಟಿ. ಮರುದಿನ ಹೂ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ, ಹೆದರಬೇಡಿ. ವಾರದೊಳಗೆ ಬುಡ ಸಮೇತ ಉದುರಿದರೆ ಕೆಲಸ ಕೆಟ್ಟಿತು. ಕೂದಲು ತುಂಬಿದ ಬುಡ ಹಸಿರಾಗಿ ಉಳಿದು ಊದಿಕೊಂಡರೆ ಕಾಯಿ ಕಚ್ಚಿದೆ ಅಂತ.

ಒಂದೆರಡು ತಿಂಗಳಿಗೆ ಕಾಯಿ ಪಕ್ಕದಲ್ಲಿ ಸೀಳುತ್ತದೆ. ಇರುವೆಗೆ ಮುಂಚೆ ನೀವು ನೋಡಬೇಕು. ತಿರುಳು ತೊಳೆದು ಬೀಜ ಒಣಗಿಸಿ, ಕಸವಿಲ್ಲದ ಸಣ್ಣ ಮಣ್ಣಿನ ಮೇಲೆ ಸುಮ್ನೆ ಉದುರಿಸಿ, ಹೂಳಬೇಡಿ. ಪಾರದರ್ಶಕ ಡಬ್ಬಿ ಮುಚ್ಚಿ ಬೆಳಕಿರುವ ನೆರಳಲ್ಲಿ 25 ಡಿಗ್ರಿ ಆಸುಪಾಸಿನಲ್ಲಿ ಇಟ್ಟರೆ ಒಂದೆರಡು ವಾರದಲ್ಲಿ ಮೊಳೆಯುತ್ತವೆ. ಬೂಷ್ಟು ಕಂಡರೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಕಾಯುವ ತಾಳ್ಮೆ ಇಲ್ಲದವರು ಸಸಿಯನ್ನು ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಕಸಿ ಕಟ್ಟುತ್ತಾರೆ. ಬೇಗ ಬೆಳೆಯುತ್ತದೆ ನಿಜ, ನನಗೆ ಮಾತ್ರ ಅದರ ಆಕಾರ ಹಿಡಿಸುವುದಿಲ್ಲ.

ಬಣ್ಣದ ವಿಷಯಕ್ಕೆ ಬರೋಣ. ನಿಮ್ಮ ಜೋಡಿ ಕೆಟ್ಟ ಆಯ್ಕೆಯೇನಲ್ಲ. ಲೋಬಿವಿಯಾ ಅನ್ನುವುದು ಬೊಲಿವಿಯಾ ಹೆಸರನ್ನೇ ಅದಲುಬದಲು ಮಾಡಿ ಇಟ್ಟದ್ದು. ಸಸ್ಯವಿಜ್ಞಾನಿಗಳಲ್ಲಿ ಕೆಲವರು ಅದನ್ನು ಎಕಿನಾಪ್ಸಿಸ್ ಒಳಗೇ ಸೇರಿಸುತ್ತಾರೆ. ಅಷ್ಟು ಹತ್ತಿರದ ನೆಂಟರಾದ್ದರಿಂದಲೇ ಕ್ರಾಸ್ ಸುಲಭ. ದೊಡ್ಡ ಹೂ ಎಕಿನಾಪ್ಸಿಸ್‌ನಿಂದ, ಬಣ್ಣ ಲೋಬಿವಿಯಾದಿಂದ. ಕ್ಯಾಲಿಫೋರ್ನಿಯಾದ ಹ್ಯಾರಿ ಜಾನ್ಸನ್ 'ಪ್ಯಾರಮೌಂಟ್' ಹೈಬ್ರಿಡ್‌ಗಳನ್ನು ಮಾಡಿದ್ದು ಇದೇ ದಾರಿಯಲ್ಲಿ. ಆಮೇಲೆ ಬಾಬ್ ಶಿಕ್ ಆ ಗಿಡಗಳನ್ನೇ ಮತ್ತೆ ಮತ್ತೆ ಕ್ರಾಸ್ ಮಾಡಿದರು, ಅವು ಹಂಟಿಂಗ್ಟನ್ ಸಸ್ಯೋದ್ಯಾನದ ಮೂಲಕ ಹೊರಬಂದವು. ನೀಲಿ ಹೂವಿನ ಆಸೆ ಮಾತ್ರ ಬಿಡಿ. ಕಳ್ಳಿ ಹೂವಿನ ಕೆಂಪು, ಹಳದಿ ಬಣ್ಣ ಬೀಟ್‌ರೂಟ್‌ನಲ್ಲಿರುವ ಬೀಟಾಲೈನ್ ಜಾತಿಯದು. ಬೇರೆ ಹೂಗಳಿಗೆ ನೀಲಿ ಕೊಡುವ ಆಂಥೋಸಯನಿನ್ ಕಳ್ಳಿಯಲ್ಲಿ ಇಲ್ಲ.

ಒಂದೇ ಕಾಯಿಯ ಸಸಿಗಳು ಒಂದೇ ಥರ ಇರುವುದಿಲ್ಲ, ತಂದೆ ತಾಯಿಯೇ ಹೈಬ್ರಿಡ್ ಆಗಿದ್ದರಂತೂ ಕೇಳಲೇಬೇಡಿ. ನನ್ನ ಎರಡನೇ ಸುತ್ತಿನಲ್ಲಿ 22 ಸಸಿ ಹೂ ಬಿಟ್ಟವು. ಹೆಚ್ಚಿನವು ಪೇಲವ ಗುಲಾಬಿ. ಇಟ್ಟುಕೊಂಡದ್ದು ಮೂರು. ಅದರಲ್ಲಿ ಒಂದಕ್ಕೆ ಪ್ರತಿ ದಳದ ನಡುವೆ ಕಡು ಗುಲಾಬಿ ಗೀರು, ಬೆಳಗಿನ ಜಾವ ಅರಳಿ ಮರುದಿನ ಮಧ್ಯಾಹ್ನದ ತನಕ ನಿಲ್ಲುತ್ತದೆ. ಅದನ್ನು ಹೆಚ್ಚಿಸಬೇಕಾದರೆ ಮರಿಯಿಂದಲೇ, ಬೀಜದಿಂದ ಆಗದು. ಉಳಿದವನ್ನು ಕೊಟ್ಟುಬಿಟ್ಟೆ. ಇದು ಕಷ್ಟದ ಕೆಲಸ, ನಾಲ್ಕು ವರ್ಷ ಸಾಕಿದ್ದಲ್ವಾ. ಆದರೆ ಜಾಗ ಎಲ್ಲಿದೆ?

ಚೀಟಿ ಬರೆಯುವುದನ್ನು ಮರೆಯಬೇಡಿ. ತಾಯಿಯ ಹೆಸರು ಮೊದಲು, ಆಮೇಲೆ ತಂದೆ, ತಾರೀಖು. ಪೆನ್ಸಿಲ್‌ನಲ್ಲೇ ಬರೆಯಿರಿ, ಮಾರ್ಕರ್ ಬಿಸಿಲಿಗೆ ಅಳಿಸಿಹೋಗುತ್ತದೆ. ಚಳಿಗಾಲದಲ್ಲಿ ನೀರು ತೀರ ಕಡಿಮೆ ಮಾಡಿ ತಂಪಾದ ಜಾಗದಲ್ಲಿ ಇಡಿ, ಇಲ್ಲದಿದ್ದರೆ ಮೊಗ್ಗಿನ ಬದಲು ಬರೀ ಮರಿ ಬರುತ್ತವೆ.

ತಾಯಿ ಯಾವುದು ಅಂದರೆ, ಎರಡೂ ಕಡೆಯಿಂದ ಮಾಡಿ ನೋಡಿ. ಒಂದೇ ಅಂದರೆ ನಾನು ಬಿಳಿಯನ್ನೇ ಆರಿಸುತ್ತೇನೆ. ಹೂ ದೊಡ್ಡದು, ಬ್ರಷ್ ಆಡಿಸುವುದು ಸುಲಭ, ಸಂಜೆ ಬಿಡುವಾಗಿ ಕೂತು ಮಾಡಬಹುದು. ಕೆಂಪಿನ ಪರಾಗ ಮಾತ್ರ ಈಗಿನಿಂದಲೇ ಕೂಡಿಡಿ, ಬಿಳಿ ಹೂ ನಿಮಗೋಸ್ಕರ ಇನ್ನೊಂದು ರಾತ್ರಿ ಕಾಯುವುದಿಲ್ಲ.